ಮಹಾಗೋಡೆಯ ಮರೆಯಲ್ಲಿ ನಮ್ಮನೆಯವರು

ನಮ್ಮನೆಯವರ ಜೊತೆ ಊರು ನೋಡಲು ಹೊರಟ ದಿನ ಎಡವಟ್ಟಿಲ್ಲದೆ ಮುಗಿದದ್ದೇ ಇಲ್ಲ. ಅದರಲ್ಲೂ ಚೀನಾ ಪ್ರವಾಸದ ಆ ಒಂದು ದಿನ ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಆಗ ನಾವು ಅಮೆರಿಕದ ಸನ್ನಿವೇಲ್‌ನಲ್ಲಿದ್ದೆವು. ಡಾಟ್‌ಕಾಂ ಕಂಪನಿಗಳು ಸಾಲಾಗಿ ಮುಳುಗುತ್ತಿದ್ದ ಕಾಲ. ಶುಕ್ರವಾರ ಬಂತೆಂದರೆ ಇವರ ಆಫೀಸಿನಲ್ಲಿ ಮ್ಯಾನೇಜರು ಯಾರನ್ನಾದರೂ ಚಿಕ್ಕ ಕೋಣೆಗೆ ಕರೆಯುತ್ತಿದ್ದರು. ಹೋದವನು ಕೆಲಸ ಕಳೆದುಕೊಂಡು, ಸಾಮಾನು ತುಂಬಿದ ರಟ್ಟಿನ ಡಬ್ಬ ಹಿಡಿದು ಹೊರಬರುತ್ತಿದ್ದ. ಕೆಲಸ ಹೋದರೆ ವೀಸಾ ಹೋಗುತ್ತಿತ್ತು, ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕಿತ್ತು. ಆದರೆ ಅಲ್ಲಿ ಒಂದು ಪದ್ಧತಿ: ಕೆಲಸ ಹೋದ ಸುದ್ದಿಯನ್ನು ಮ್ಯಾನೇಜರೇ ಬಾಯಿಬಿಟ್ಟು ಹೇಳಬೇಕು. ಇವರು ಅದರಲ್ಲೊಂದು ಸಂದಿ ಕಂಡುಕೊಂಡರು. "ಕೈಗೆ ಸಿಕ್ಕಿದ್ರೆ ತಾನೇ ಕಣೇ ತೆಗೆಯೋದು?" ಎಂದು ಇದ್ದ ರಜೆಯನ್ನೆಲ್ಲ ಹಾಕಿ, ಕನ್ನಡದವರೇ ತುಂಬಿದ್ದ ಒಂದು ಚೀನಾ ಟೂರಿಗೆ ಹೆಸರು ಕೊಟ್ಟರು.

ಫೋನು

ಬೀಜಿಂಗಿನ ಹೋಟೆಲಿನಲ್ಲಿ ಬೆಳಿಗ್ಗೆ ಫೋನು ಹೊಡೆದುಕೊಳ್ಳತೊಡಗಿತು. ಇವರು ಹಾರಿ ಹೋಗಿ ಅದರ ಮೇಲೆ ದಿಂಬು ಹೇರಿದರು.

"ರೀ, ಯಾರು ಅಂತಾದ್ರೂ ನೋಡ್ಬಾರ್ದಾ?"

"ಆಫೀಸಿಂದಾನೇ. ಮುಟ್ಟಬೇಡ."

ನಿಂತು, ಮತ್ತೆ ಹೊಡೆದುಕೊಂಡಿತು. ಸುಮ್ಮನಾದ ಮೇಲೆ ಕಳ್ಳರ ಹಾಗೆ ಕೆಳಗಿಳಿದೆವು. ಬಸ್ಸಿನ ಬಾಗಿಲಲ್ಲಿ ಗೈಡು ಹುಡುಗಿ ಮುಖ ಸಿಂಡರಿಸಿಕೊಂಡು ನಿಂತಿದ್ದಳು. ನಮ್ಮ ಗುಂಪಿಗೆಂದೇ ಮೊಟ್ಟೆ ಹಾಕದ ತಿಂಡಿ ಮಾಡಿಸಿದ್ದಳಂತೆ, ಕೋಣೆಗೆ ಫೋನು ಮಾಡಿ ಕರೆದೂ ಕರೆದೂ ಸಾಕಾಯಿತಂತೆ, ಈಗ ಎಲ್ಲ ಖಾಲಿಯಂತೆ.

ನನಗೆ ಕೋಪ ನೆತ್ತಿಗೇರಿತು. ಇವರು ಮಾತ್ರ ಯಾರೋ ಕೊಟ್ಟ ಕೋಡುಬಳೆ ಕಡಿಯುತ್ತಾ, "ತಿಂಡಿ ಹೋದ್ರೆ ಹೋಯ್ತು, ಕೆಲಸ ಉಳೀತಲ್ಲ" ಎಂದರು.

ರಜಾಯಿ

ಬೆಳಿಗ್ಗೆಯೇ ಮಹಾಗೋಡೆ ಎಂದಿದ್ದ ಗೈಡು ನಮ್ಮನ್ನು ಇಳಿಸಿದ್ದು ರೇಷ್ಮೆ ಅಂಗಡಿಯಲ್ಲಿ. ಅಲ್ಲೊಂದು ರೇಷ್ಮೆ ರಜಾಯಿಗೆ ನಾನು ಮನಸೋತೆ. ಎತ್ತಿಕೊಂಡೆ. ಕೆಲಸ ಹೋಗಿ ಮೈಸೂರಿಗೆ ಮರಳಬೇಕಾಗಿ ಬಂದರೆ ಅಲ್ಲಿನ ಸೆಕೆಗೆ ಇದನ್ನು ಹೊದೆಯುವವರು ಯಾರು? ನಿಟ್ಟುಸಿರು ಬಿಟ್ಟು ಕೆಳಗಿಟ್ಟೆ. ಅಂಗಡಿಯ ಹುಡುಗಿ ಬೆಲೆ ಇಳಿಸಿದಳು. ಮತ್ತೆ ಎತ್ತಿದೆ, ಮತ್ತೆ ಅದೇ ಯೋಚನೆ, ಮತ್ತೆ ಇಟ್ಟೆ. ಇನ್ನೂ ಇಳಿಸಿದಳು.

ಇವರು ಹಿಂದಿನಿಂದ ಪಿಸುಗುಟ್ಟಿದರು. "ಇನ್ನೊಂದ್ಸಲ ಇಡು."

ಪಕ್ಕಕ್ಕೆ ತಿರುಗಿ ನೋಡಿದರೆ ನಮ್ಮ ಬಸ್ಸಿನ ಹೆಂಗಸರೆಲ್ಲ ಎತ್ತುತ್ತಿದ್ದಾರೆ, ನಿಟ್ಟುಸಿರು ಬಿಡುತ್ತಿದ್ದಾರೆ, ಇಡುತ್ತಿದ್ದಾರೆ. ಎಲ್ಲರ ಗಂಡಂದಿರೂ ಡಾಟ್‌ಕಾಂನವರೇ. ಅಂಗಡಿಯವಳು ಬೆವರೊರೆಸಿಕೊಂಡು ಗೈಡಿನ ಹತ್ತಿರ ಹೇಳಿದಳಂತೆ: "ಬಾಯೇ ತೆರೆಯದೆ ಇಷ್ಟು ಚೌಕಾಸಿ ಮಾಡೋ ಜನರನ್ನ ನಾನು ಕಂಡೇ ಇಲ್ಲ."

ಹಸಿರು ಕಪ್ಪೆ

ಅಲ್ಲಿಂದಲೂ ಗೋಡೆಗಲ್ಲ, ಹಸಿರು ಕಲ್ಲಿನ ಅಂಗಡಿಗೆ. ಹೊತ್ತು ಇಳಿಯುತ್ತಿತ್ತು, ನಾನು ಬಾಗಿಲಿಗೂ ಬಸ್ಸಿಗೂ ಶತಪಥ ಹಾಕುತ್ತಿದ್ದೆ. ಒಳಗೆ ಅಂಗಡಿಯ ಹುಡುಗಿಯೊಬ್ಬಳು ಕಲ್ಲಿನ ಕಪ್ಪೆಯೊಂದನ್ನು ತೋರಿಸಿ, ಇದಿದ್ದರೆ ಉದ್ಯೋಗ ಗಟ್ಟಿ ಎಂದುಬಿಟ್ಟಳು. ಅಲ್ಲಿಯವರೆಗೆ ಆಕಳಿಸುತ್ತಿದ್ದ ಗಂಡಸರೆಲ್ಲ ಮುತ್ತಿಗೆ ಹಾಕಿದರು.

"ಯಾವ ದಿಕ್ಕಿಗೆ ಮುಖ ಮಾಡಿ ಇಡಬೇಕು?" ಎಂದರೊಬ್ಬರು.

"ದಿನಾ ಅರಿಶಿನ ಕುಂಕುಮ ಇಡಬೇಕಾ, ಶುಕ್ರವಾರ ಮಾತ್ರ ಸಾಕಾ?" ಎಂದರು ಇನ್ನೊಬ್ಬರು.

ಆ ಹುಡುಗಿ ಕಪ್ಪೆಯನ್ನೊಮ್ಮೆ, ಗಂಡಸರನ್ನೊಮ್ಮೆ ನೋಡಿದಳು. "ಆಫೀಸಿನಲ್ಲಿ ನಿಮ್ಮ ಮೇಜಿನ ಮೇಲಿಡಿ, ಸಾಕು" ಎಂದಳು. ಎಲ್ಲರೂ ತಲೆಯಾಡಿಸಿದರು. ನಮ್ಮನೆಯವರು ಮಾತ್ರ ಕಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು. "ಮೇಜೇ ಹೋಗಿದ್ರೆ?"

ಗೋಡೆ

ಕೊನೆಗೂ ಸಂಜೆಯ ಹೊತ್ತಿಗೆ ಮಹಾಗೋಡೆ ಹತ್ತಿದೆವು. ಗಾಳಿ ತಣ್ಣಗಿತ್ತು. "ಇಲ್ಲಿ ಯಾವ ಫೋನೂ ಇಲ್ಲ" ಎಂದು ಇವರು ಅವತ್ತು ಮೊದಲ ಸಲ ನಕ್ಕರು. ನಗು ಅರ್ಧಕ್ಕೇ ನಿಂತಿತು. ನನ್ನ ಕೈ ಹಿಡಿದೆಳೆದುಕೊಂಡು ಕಾವಲು ಗೋಪುರದ ಗೋಡೆಗೆ ಒರಗಿದರು.

"ಮ್ಯಾನೇಜರು ಕಣೇ. ಇಲ್ಲಿವರ್ಗೂ ಹುಡುಕ್ಕೊಂಡು ಬಂದಿದಾಳೆ."

ಇಣುಕಿದೆ. ನಿಜ. ಆಫೀಸಿನ ಪಾರ್ಟಿಯಲ್ಲಿ ನೋಡಿದ್ದ ಚೀನಾದ ಆ ಹೆಂಗಸೇ. ಆದರೆ ಆಕೆಯೂ ನಮ್ಮನ್ನು ಕಂಡವಳೇ, ಜೊತೆಗಿದ್ದ ಮುದಿ ಅಪ್ಪ ಅಮ್ಮನನ್ನು ಮೆಟ್ಟಿಲಲ್ಲೇ ಬಿಟ್ಟು ಗೋಪುರದ ಆಚೆ ಮಗ್ಗುಲಿಗೆ ಸರಿದಿದ್ದಳು.

ನನಗೆ ಸಾಕುಸಾಕಾಗಿತ್ತು. ನೆಟ್ಟಗೆ ಅವಳ ಮುಂದೆ ಹೋಗಿ ನಿಂತು ಇಂಗ್ಲಿಷಿನಲ್ಲಿ ಹೇಳಿದೆ. "ಹೇಳೋದಿದ್ರೆ ಈಗಲೇ ಹೇಳಿಬಿಡಿ. ಈ ಸಂಕಟ ನನ್ನ ಕೈಲಾಗಲ್ಲ."

"ನಾನು ಹೇಳೋದಾ?" ಅವಳ ಮುಖ ಬಿಳಿಚಿಕೊಂಡಿತ್ತು. "ನನ್ನನ್ನ ತೆಗೆಯೋಕೆ ಕಂಪನಿಯವರು ನಿಮ್ಮ ಯಜಮಾನರನ್ನ ಕಳಿಸಿದಾರೆ ಅಂದ್ಕೊಂಡೆ. ಯಾರ ಕೈಗೂ ಸಿಗಬಾರದು ಅಂತಲೇ ರಜೆ ಹಾಕಿ ತೌರಿಗೆ ಬಂದುಬಿಟ್ಟಿದ್ದೆ."

ಇವರು ಮೆಲ್ಲಗೆ ಗೋಡೆ ಬಿಟ್ಟು ಈಚೆ ಬಂದರು. "ಹಾಗಾದ್ರೆ ನನಗೆ ಹೇಳಬೇಕಾದೋರು ಯಾರು?"

"ನಾನೇ."

"ನಿಮಗೆ?"

"ನನ್ನ ಬಾಸು."

"ಅವರೆಲ್ಲಿ?"

ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹವಾಯಿಯಲ್ಲಿ. ರಜೆ ಮೇಲಿದಾರೆ. ಫೋನ್ ತೆಗೀತಿಲ್ಲ."