ಒಬ್ಬ ಗೌಡರು, ಎರಡು ಸ್ಕೂಲು

ಸರ್ಕಾರಿ ಸ್ಕೂಲು ಮೇಲೋ, ಪಾದ್ರಿಗಳ ಸ್ಕೂಲು ಮೇಲೋ ಎಂದು ನನ್ನನ್ನು ಕೇಳದವರಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ಕೇಳುತ್ತಾರೆ, ಕ್ಷೌರಕ್ಕೆ ಕೂತಾಗಲೂ ಕೇಳುತ್ತಾರೆ. ನಾನು ಮೊದಲು ಚನ್ನರಾಯಪಟ್ಟಣದ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ, ಆಮೇಲೆ, ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಹಾಸನದಲ್ಲಿ ಪಾದ್ರಿಗಳು ನಡೆಸುತ್ತಿದ್ದ ಒಂದು ಪುಟ್ಟ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಕೇಳಿದವರಿಗೆಲ್ಲ ದಂಡಿಗನಹಳ್ಳಿಯ ಗೌಡರ ಕಥೆ ಹೇಳಿಬಿಡುತ್ತೇನೆ.

೧. ಸದ್ದಿಲ್ಲದ ಪಾಠ

ಗೌಡರ ಹಿರಿಮಗ ಚನ್ನರಾಯಪಟ್ಟಣದಲ್ಲಿ ನನ್ನ ಶಿಷ್ಯ. ನಾನು ಹಾಸನಕ್ಕೆ ಬಂದ ವರ್ಷವೇ ಗೌಡರು ಎರಡನೆಯ ಮಗನನ್ನು ಕರೆದುಕೊಂಡು ಬಂದರು; ಮೂರನೆಯವನು ಇನ್ನೂ ಅಂಬೆಗಾಲಿಡುತ್ತಿದ್ದ.

"ಒಂದೇ ಬೀಜ, ಎರಡು ಒಲ. ಯಾವ್ದು ಚೆಂದಾಗಿ ಬತ್ತದೋ ನೋಡ್ಬುಡವಾ ಅಂತ, ಸಾ" ಅಂದರು.

ಹುಡುಗನನ್ನು ಸೇರಿಸಿದ ಮೇಲೂ ಅವರು ಸ್ಕೂಲಿನ ಜಗಲಿ ಬಿಟ್ಟು ಏಳಲಿಲ್ಲ. ಸರ್ಕಾರಿ ಸ್ಕೂಲಿನಲ್ಲಿ ಮಕ್ಕಳು ಮಗ್ಗಿ ಹೇಳಿದರೆ ಸಂತೆಮಾಳಕ್ಕೆ ಕೇಳುತ್ತಿತ್ತು. ಇಲ್ಲಿ ಸೀಮೆಸುಣ್ಣದ ಸದ್ದು ಬಿಟ್ಟರೆ ಏನೂ ಇಲ್ಲ.

"ಇವತ್ತು ರಜವಾ, ಮೇಷ್ಟ್ರೇ?"

"ಇಲ್ಲ ಗೌಡರೇ, ಒಳಗೆ ಪಾಠ ನಡೀತಿದೆ. ಇಲ್ಲಿ ಮಕ್ಕಳು ಬಾಯಿ ಮುಚ್ಕೊಂಡು ಕೂರಬೇಕು."

ಗೌಡರ ಮುಖ ಬಾಡಿತು. "ಬಾಯ್ ಮುಚ್ಕಂಡ್ ಕೂರಾದು ನಮ್ಮನೆ ಎತ್ಗೂ ಬತ್ತದೆ ಕಣ್ ಸಾ. ಅದ್ನ ಕಲಿಯಾಕೆ ಆಸನದ್ಗಂಟ ಬರ್ಬೇಕಿತ್ತಾ?"

೨. ಮಂದ

ನಮ್ಮ ಹೆಡ್‌ಮಾಸ್ಟರಾಗಿದ್ದ ಪಾದ್ರಿಗಳು ಹೊರದೇಶದವರು. ಕನ್ನಡವನ್ನು ಹಳೆಯ ವ್ಯಾಕರಣ ಪುಸ್ತಕದಿಂದ ಕಲಿತಿದ್ದರು. ದೇವರಂಥ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಲಾರರು. ಗೌಡರ ಎರಡನೆಯ ಮಗ ಲೆಕ್ಕದಲ್ಲಿ ಮುಗ್ಗರಿಸಿದಾಗ ಗೌಡರನ್ನು ಕರೆಸಿ, ಬಹಳ ಸಂಕಟದಿಂದ, "ತಮ್ಮ ಕುಮಾರನು ಗಣಿತದಲ್ಲಿ ಮಂದನಾಗಿರುವನು" ಎಂದರು.

ಹಳ್ಳಿಯಲ್ಲಿ ಮಂದ ಅಂದರೆ ಗಟ್ಟಿ. ಹಾಲು ಮಂದವಾಗಿದ್ದರೆ ಒಳ್ಳೆಯದು, ಕಂಬಳಿ ಮಂದವಾಗಿದ್ದರೆ ಇನ್ನೂ ಒಳ್ಳೆಯದು.

"ಎಲ್ಲಾ ತಮ್ಮ ಆಸೀರ್ವಾದ ಸ್ವಾಮಿ!" ಗೌಡರು ಹಿಗ್ಗಿ ಕೈಮುಗಿದರು. "ಇನ್ನೊಸಿ ಮಂದ ಆಗ್ಲಿ!"

ಮುಂದಿನ ವಾರವೇ ಹಳ್ಳಿಯಿಂದ ಪಾದ್ರಿಗಳಿಗೆ ಗಡಿಗೆ ತುಂಬ ಗಟ್ಟಿ ಮೊಸರು ಬಂತು. ಅದನ್ನು ಉಣ್ಣುತ್ತ ಅವರು ನನ್ನನ್ನು ಮೆಲ್ಲಗೆ ಕೇಳಿದರು: "ಪಂಡಿತರೇ, ಮಕ್ಕಳು ದಡ್ಡರಾದರೆ ಈ ಸೀಮೆಯಲ್ಲಿ ಮೊಸರು ಕಳಿಸುವ ಪದ್ಧತಿ ಉಂಟೋ?"

೩. ಕಳೆಯುವ ಲೆಕ್ಕ

ದಸರಾ ರಜೆಗೆ ಅಣ್ಣ ತಮ್ಮ ಇಬ್ಬರೂ ಊರಿಗೆ ಹೋದರು. ತಾಯಿ ಒಬ್ಬಟ್ಟು ಬಡಿಸಿದರು. ನಮ್ಮ ಸ್ಕೂಲಿನ ಮಕ್ಕಳಿಗೆ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವ ಅಭ್ಯಾಸ. ಕಿರಿಯ ಕಣ್ಣು ಮುಚ್ಚಿದ. ತೆರೆದಾಗ ಎಲೆ ಖಾಲಿ.

"ಕಳೆಯೋ ಲೆಕ್ಕ ಕಣವ್ವ" ಎಂದನಂತೆ ಹಿರಿಯ, ಬಾಯಿತುಂಬ ಒಬ್ಬಟ್ಟು ಇಟ್ಟುಕೊಂಡು. "ನಮ್ ಇಸ್ಕೂಲಲ್ಲಿ ಚೆಂದಾಗಿ ಏಳ್ಕೊಟ್ಟವ್ರೆ."

ರಜೆ ಮುಗಿದ ಮೇಲೆ ಮಗನನ್ನು ಬಿಡಲು ತಾಯಿಯೇ ಬಂದರು. "ದೇವ್ರನ್ನ ಬೇಡ್ಕೊಳ್ಳೋದು ಒಳ್ಳೇದೇ ಮೇಷ್ಟ್ರೇ. ವಸಿ ಕಣ್ ಬುಟ್ಕಂಡ್ ಬೇಡ್ಕೊಳ್ಳಾದ್ನ ಏಳ್ಕೊಡಿ."

೪. ದೊರೆಯ ಕಾರು

ಮುಂದಿನ ರಜೆಯಲ್ಲಿ ಗೌಡರು ನನ್ನನ್ನು ಊಟಕ್ಕೆ ಕರೆದಿದ್ದರು. ಕೈತೊಳೆಯುವಷ್ಟರಲ್ಲಿ ಸುದ್ದಿ ಬಂತು: ಕೆರೆಯ ಕೆಳಗೆ ಯಾರೋ ಬಿಳಿ ದೊರೆಯ ಕಾರು ಕೆಸರಿನಲ್ಲಿ ಹೂತುಕೊಂಡಿದೆ!

ತಮ್ಮ ಮಕ್ಕಳಿಗೆ ಇಂಗ್ಲಿಷು ಬರುತ್ತದೆಂದು ಗೌಡರು ಊರೆಲ್ಲ ಹೇಳಿಕೊಂಡಿದ್ದರು. ಈಗ ಊರೇ ಅಲ್ಲಿ ನೆರೆದಿತ್ತು. ಗೌಡರು ಇಬ್ಬರನ್ನೂ ಮುಂದಕ್ಕೆ ತಳ್ಳಿದರು. ಇಬ್ಬರೂ ನನ್ನ ಶಿಷ್ಯರೇ, ನಾನೂ ಜನರ ನಡುವೆ ನುಗ್ಗಿ ಮುಂದೆ ಬಂದೆ.

ಹಿರಿಯ ಸರ್ಕಾರಿ ಸ್ಕೂಲಿನ ಗಂಟಲಲ್ಲೇ ಕೂಗಿದ: "ದಿಸ್ ಈಸ್ ಎ ಕಾರ್! ದಿ ಕಾರ್ ಹ್ಯಾಸ್ ಫೋರ್ ವೀಲ್ಸ್!"

ಕಿರಿಯ ಕೈಕಟ್ಟಿಕೊಂಡು, ಮೆಲುದನಿಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ ದೊರೆಗೆ ಹೇಳಿದ: "ಗುಡ್ ಮಾರ್ನಿಂಗ್ ಸರ್. ಪ್ಲೀಸ್ ಸಿಟ್ ಡೌನ್ ಸರ್."

ದೊರೆ ಸಕಲೇಶಪುರದ ಕಡೆ ಬಹಳ ವರ್ಷ ಕಾಫಿ ತೋಟ ಮಾಡಿಸಿದವನು. ಹಣೆಯ ಬೆವರು ಒರೆಸಿಕೊಂಡು, "ಅದ್ನೆಲ್ಲಾ ಆಮ್ಯಾಕ್ ಏಳೀರಂತೆ ಕಣ್ರಲಾ! ಮೊದ್ಲು ಒಂದ್ ಜೊತೆ ಎತ್ತು ಒಡ್ಕಂಡ್ ಬನ್ನಿ!" ಎಂದ.

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಗೌಡರು ಮಾತ್ರ ನಗಲಿಲ್ಲ. ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ದೊರೆಯ ಹತ್ತಿರ ಹೋಗಿ ಭಕ್ತಿಯಿಂದ ಕೈಮುಗಿದರು.

"ಸಾ, ತಾವು ಓದಿದ್ದು ಯಾವ ಇಸ್ಕೂಲು ಸಾ? ನಮ್ ಮೂರ್ನೇ ಮಗನ್ನ ಅಲ್ಗೇ ಆಕ್ಬುಡ್ತೀನಿ."