ಬೀಗರೂಟಕ್ಕೆ ಸಿದ್ಧವಾದ ಒಸಡು

ವಿಜ್ಞಾನವನ್ನು ನಂಬದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು, ಮನೆಯ ಕೆಟ್ಟ ಮಿಕ್ಸಿಯನ್ನೂ ಸಿದ್ಧಾಂತದ ಪ್ರಕಾರವೇ ರಿಪೇರಿ ಮಾಡಿದವನು. ಆಮೇಲೆ ಹೊಸ ಮಿಕ್ಸಿ ತಂದೆವು, ಅದು ಬೇರೆ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ, ಮಗಳು ಶೋಭಾಳ ಮದುವೆ ಮುಗಿದ ಮೂರನೇ ದಿನ ನನ್ನ ಎಡಗಡೆಯ ಒಸಡು ಊದಿಕೊಂಡಾಗಲೂ ನಾನು ಎಳ್ಳಷ್ಟೂ ಹೆದರಲಿಲ್ಲ. ಹೆದರಿದ್ದು ನನ್ನ ಹೆಂಡತಿ ಜಯಮ್ಮ.

"ಇನ್ನು ಹದಿನೈದು ದಿನಕ್ಕೆ ಬೂಕನಕೆರೇಲಿ ಬೀಗರೂಟ ಐತೆ. ಮೂಳೆ ಎಂಗ್ರೀ ಕಡೀತೀರಾ?"

ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು. ನಮ್ಮ ಕಡೆ ಬೀಗರೂಟವೆಂದರೆ ಊಟವಲ್ಲ, ಪರೀಕ್ಷೆ. ಗಂಡಿನ ಮನೆಯವರು ಕುರಿಮರಿ ಕೊಯ್ದು ಬಡಿಸುತ್ತಾರೆ. ಹೆಣ್ಣಿನ ಅಪ್ಪನ ಎಲೆಗೆ ದೊಡ್ಡ ಮೂಳೆ ಬೀಳುತ್ತದೆ. ಅವನು ಅದನ್ನು ಕಡಿದು, ಹೀರಿ ಮುಗಿಸಿದರೆ ಸಂಬಂಧ ಗಟ್ಟಿ. ಬಿಟ್ಟು ಎದ್ದರೆ ಮನಸ್ಸಿನಲ್ಲಿ ಏನೋ ಮುನಿಸು ಇದೆ ಎಂದೇ ಅರ್ಥ. ಹೊಟ್ಟೆ ಕೆಟ್ಟು ಮೂಳೆ ಬಿಟ್ಟ ನಮ್ಮಣ್ಣನನ್ನು ಅವನ ಬೀಗರು ಮೂರು ವರ್ಷ ಮಾತಾಡಿಸಲಿಲ್ಲ. ನಡುವೆ ಕಣ್ಣೀರಿಟ್ಟವಳು ಅವನ ಮಗಳು. ಶೋಭಾಳಿಗೆ ಹಾಗಾಗುವುದು ನನಗೆ ಬೇಕಿರಲಿಲ್ಲ.

ಆದಕಾರಣ ಶ್ರೀರಂಗಪಟ್ಟಣದಲ್ಲಿ ನಡೆದ ಉಚಿತ ದಂತ ಶಿಬಿರಕ್ಕೆ ಹೋದೆ. ಎಳೇ ವಯಸ್ಸಿನ ಡಾಕ್ಟರಮ್ಮ ನನ್ನ ಬಾಯೊಳಗೆ ಇಣುಕಿ, "ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿದೆ ಸಾರ್, ಕೆರೆದು ತೆಗೀಬೇಕು," ಎಂದು ಒಂದು ಯಂತ್ರವನ್ನು ಕೈಗೆತ್ತಿಕೊಂಡರು. ಅದು ಕುಂಯ್ ಎಂದಿತು. ಕಾಲ ತಳ್ಳಲು ನಾನು ಒಂದು ವೈಜ್ಞಾನಿಕ ಪ್ರಶ್ನೆ ಎಸೆದೆ.

"ಇದಕ್ಕಿಂತ ಆಧುನಿಕವಾದ ವಿಧಾನ ಯಾವುದೂ ಇಲ್ಲವೇ?"

ಪಾಪ, ಕೇಳುವವರು ಸಿಕ್ಕಿದ ಖುಷಿಗೆ ಅವರು ಯಂತ್ರ ಕೆಳಗಿಟ್ಟರು. ಕಡಿಮೆ ಶಕ್ತಿಯ ಲೇಸರ್ ಬೆಳಕು ಎಂಬುದೊಂದಿದೆಯಂತೆ. ಅದು ಸುಡುವುದಿಲ್ಲ, ಕೊಯ್ಯುವುದಿಲ್ಲ. ಒಸಡಿನ ಜೀವಕೋಶಗಳ ಒಳಗೆ ಹೋಗಿ, ಅಲ್ಲಿ ಶಕ್ತಿ ತಯಾರಿಸುವ ಭಾಗಗಳನ್ನು ಚುರುಕು ಮಾಡುತ್ತದಂತೆ. ಆಗ ನಾರು ನೇಯುವ ಕೋಶಗಳು ಹೆಚ್ಚಾಗಿ, ಗಾಯ ಬೇಗ ಕೂಡಿಕೊಳ್ಳಬಹುದಂತೆ. "ಆದ್ರೆ ಎಷ್ಟು ಬೆಳಕು, ಎಷ್ಟು ಹೊತ್ತು ಅನ್ನೋದನ್ನ ಇನ್ನೂ ಪರೀಕ್ಷೆ ಮಾಡ್ತಾ ಇದ್ದಾರೆ. ಜಾಸ್ತಿಯಾದ್ರೆ ಕೋಶಗಳು ಮಂಕಾಗಲೂಬಹುದು. ಏನೇ ಆದ್ರೂ ಮೊದಲು ಗಾರೆ ತೆಗೀಲೇಬೇಕು," ಎಂದರು. ಅವರು ಆ ಕೊನೆಯ ಮಾತು ಮುಗಿಸುವಷ್ಟರಲ್ಲಿ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದೆ!

ಪಾಂಡವಪುರದಲ್ಲಿ ಬಸ್ಸು ನಿಂತಾಗ ಆಟದ ಸಾಮಾನು ಮಾರುವವನೊಬ್ಬ ಹತ್ತಿದ. ಅವನ ಕೈಯಲ್ಲಿ ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀರುವ ಕೀ ಚೈನು. ಅದರ ಮೇಲೆ ಲೇಸರ್ ಎಂದೇ ಬರೆದಿತ್ತು. ಕಡಿಮೆ ಶಕ್ತಿ? ಬಟಾಣಿಯಷ್ಟು ಬ್ಯಾಟರಿ, ಇದಕ್ಕಿಂತ ಕಡಿಮೆ ಶಕ್ತಿ ಇನ್ನೆಲ್ಲಿ ಸಿಕ್ಕೀತು! ಎರಡು ಕೊಂಡೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಚಿಕಿತ್ಸೆ ಶುರುವಾಯಿತು. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕೀ ಚೈನು, ಬಾಯಿ ಹೆಬ್ಬಾಗಿಲಿನಂತೆ ತೆರೆದಿತ್ತು. ಜೊಲ್ಲು ಬನಿಯನ್ನಿಗೆ ಇಳಿಯಿತು. ಅಷ್ಟರಲ್ಲಿ ಕೈ ಜಾರಿ ಕೆಂಪು ಚುಕ್ಕೆ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಅಂಗಳದಲ್ಲಿದ್ದ ನಮ್ಮ ಹುಂಜ ಅದನ್ನು ಕಾಳೆಂದುಕೊಂಡು ಕುಕ್ಕಿಬಿಟ್ಟಿತು!

ನನ್ನ ಕೂಗಿಗೆ ಪಕ್ಕದ ಮನೆಯ ತಮ್ಮಣ್ಣ ಡೈರಿಗೆ ಹೊರಟವನು ಹಾಲಿನ ಕ್ಯಾನು ಇಟ್ಟು ಓಡಿಬಂದ. "ಏನ್ ಮೇಷ್ಟ್ರೇ ಇದು? ಬಾಯೊಳಕ್ಕೆ ಬ್ಯಾಟ್ರಿ ಬುಟ್ಕೊಂಡು ಏನ್ ಹುಡುಕ್ತಾ ಇದೀರಿ?"

ಅವನಿಗೆ ಜೀವಕೋಶಗಳ ಬಗ್ಗೆ ಒಂದು ಪಾಠವನ್ನೇ ಮಾಡಿದೆ. ಅವನಿಗೂ ಹಲ್ಲುನೋವಿತ್ತು. ಮಾರನೆಯ ದಿನದಿಂದ ಎರಡನೇ ಕೀ ಚೈನು ಹಿಡಿದು ಅವನೂ ಬಾಯಿ ತೆರೆದು ಕುಳಿತ. ನನಗೆ ಹುಮ್ಮಸ್ಸು ಹೆಚ್ಚಾಯಿತು. ಐದು ನಿಮಿಷದ ಚಿಕಿತ್ಸೆಯನ್ನು ಅರ್ಧ ಗಂಟೆಗೆ ಏರಿಸಿದೆ. ಅಷ್ಟು ಸಾಲದೆಂದು ಇನ್ನೊಂದು ಮಹತ್ವದ ತೀರ್ಮಾನ ಕೈಗೊಂಡೆ: ಒಳಗೆ ಕೋಶಗಳು ನೇಯ್ಗೆ ಮಾಡುತ್ತಿರುವಾಗ ಅವುಗಳಿಗೆ ತೊಂದರೆ ಕೊಡಬಾರದು, ಆದ್ದರಿಂದ ಎಡಗಡೆ ಬ್ರಷ್ ಮಾಡುವುದನ್ನು ನಿಲ್ಲಿಸತಕ್ಕದ್ದು!

ನಾಲ್ಕನೇ ದಿನಕ್ಕೆ ತಮ್ಮಣ್ಣ ಕೀ ಚೈನು ವಾಪಸ್ಸು ಕೊಟ್ಟ. "ಬುಡಿ ಮೇಷ್ಟ್ರೇ, ನಾನು ಡಾಕ್ಟ್ರತ್ರ ಹೋಯ್ತೀನಿ," ಎಂದ. ಮೂಢ! ಹತ್ತನೇ ದಿನಕ್ಕೆ ನನ್ನ ಕೆನ್ನೆ ಊದಿತು. ಅದು ಕೋಶಗಳು ಹೆಚ್ಚಾಗಿರುವ ಲಕ್ಷಣವೆಂದು ಜಯಮ್ಮನಿಗೆ ವಿವರಿಸಿದೆ.

"ಅಂಗಾದ್ರೆ ನಾಳೆ ನಿಮ್ಗೆ ಇನ್ನೊಂದು ತಲೆ ಹುಟ್ಟುತ್ತೆ ಬುಡಿ. ಅದ್ರಲ್ಲಾದ್ರೂ ಬುದ್ಧಿ ಇರ್ಲಿ," ಎಂದಳು.

ಬೀಗರೂಟದ ದಿನ ಬಂದೇ ಬಂತು. ಬೂಕನಕೆರೆಯ ಚಪ್ಪರದಲ್ಲಿ ಮೊದಲ ಪಂಕ್ತಿಯ ನಡುವೆ ನನ್ನನ್ನು ಕೂರಿಸಿದರು. ಮುದ್ದೆಯೇನೋ ಸಲೀಸಾಗಿ ಇಳಿಯಿತು. ಮುದ್ದೆಗೆ ಹಲ್ಲು ಬೇಡ, ಗಂಟಲು ಸಾಕು. ಅಷ್ಟರಲ್ಲಿ ಬೀಗರಾದ ನಿಂಗೇಗೌಡರು ತಾವೇ ಬಂದು, ಒನಕೆಯಂಥ ಮೂಳೆಯೊಂದನ್ನು ನನ್ನ ಎಲೆಗೆ ಇಳಿಸಿ ಕೈಕಟ್ಟಿ ನಿಂತರು. ನಾನು ಮೂಳೆಯನ್ನು ನೋಡಿದೆ. ಅದೂ ನನ್ನನ್ನು ನೋಡಿತು.

"ಯಾಕ್ ಬೀಗ್ರೇ, ಬೆಂದಿಲ್ವಾ?"

"ಬೆಂದಿದೆ, ಬೆಂದಿದೆ," ಎಂದು ಅದನ್ನು ಎಲೆಯ ಆ ಕಡೆಯಿಂದ ಈ ಕಡೆಗೆ ಉರುಳಿಸಿದೆ. ಹಿಂದಿನ ಪಂಕ್ತಿಯಲ್ಲಿ ಯಾರೋ, "ಮದ್ವೇಲಿ ಏನೋ ಕೊರತೆ ಆಗೈತೆ ಕಣ್ಲಾ, ಮೇಷ್ಟ್ರು ಮುನಿಸ್ಕೊಂಡವ್ರೆ," ಎಂದರು. ಸಾರಿನ ಬಕೆಟ್ಟು ಹಿಡಿದು ನಿಂತಿದ್ದ ಶೋಭಾಳ ಮುಖ ಬಾಡಿತು. ಅದನ್ನು ನೋಡಲಾಗಲಿಲ್ಲ. ಕಣ್ಣು ಮುಚ್ಚಿ ಮೂಳೆಗೆ ಬಾಯಿ ಹಾಕಿ ಕಚ್ಚಿದೆ.

ಕಟಕ್! ಮೂಳೆ ಹಾಗೆಯೇ ಇತ್ತು. ಅದರಲ್ಲಿ ನನ್ನ ಹಲ್ಲು ನಾಟಿತ್ತು.

ನಿಂಗೇಗೌಡರು ತಮ್ಮನ ಕಡೆ ತಿರುಗಿ ಗುಡುಗಿದರು. "ಬಲ್ತಿದ್ ಮರಿ ಕೊಯ್ದುಬುಟ್ಟು ನನ್ ಮಾನ ಕಳ್ದಲ್ಲೋ ಲೇ!" ತಮ್ಮ, "ಮರಿ ಆರಿಸ್ದೋನು ನೀನೇ ಕಣಣ್ಣೋ!" ಎಂದು ಸೌಟು ಎಸೆದ. ಅಣ್ಣತಮ್ಮಂದಿರ ಮನೆ ನನ್ನ ಹಲ್ಲಿನಿಂದ ಒಡೆಯುವ ಹಾಗಾಯಿತು. ಇನ್ನು ಬೇರೆ ದಾರಿಯಿರಲಿಲ್ಲ. ಎದ್ದು ನಿಂತು, ಊದಿದ ಬಾಯಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ: ಕುಂಯ್ ಎಂದ ಯಂತ್ರ, ನಾನು ಓಡಿದ್ದು, ಕೀ ಚೈನು, ನಿಲ್ಲಿಸಿದ ಬ್ರಷ್ಷು. ಹುಂಜದ ವಿಷಯ ಬಿಟ್ಟಿದ್ದೆ. ಜಯಮ್ಮ ಸೇರಿಸಿದಳು.

ಮೊದಲು ನಕ್ಕಿದ್ದು ನಿಂಗೇಗೌಡರ ತಾಯಿ. ಬೊಚ್ಚು ಬಾಯಿಯ ಮುದುಕಿ ನನ್ನ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಿದರು. "ಎಲ್ರೂ ಮುಯ್ಯಿ ಅಂತ ದುಡ್ಡು ಆಕ್ತಾರೆ, ನಮ್ ಬೀಗ್ರು ಅಲ್ಲನ್ನೇ ಆಕ್ಬುಟ್ರಲ್ಲಪ್ಪಾ!" ಚಪ್ಪರ ಹಾರಿಹೋಗುವಂತೆ ನಗು ಎದ್ದಿತು. ಅಣ್ಣತಮ್ಮಂದಿರೂ ನಕ್ಕರು. ಶೋಭಾ ಸಾರಿನ ಬಕೆಟ್ಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಮದುವೆಯಲ್ಲಿಯೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಮಾರನೆಯ ದಿನ ಬೀಗರು, ನಾನು ಮತ್ತೆ ಓಡಿಹೋಗದಂತೆ ನನ್ನ ಕೈ ಹಿಡಿದುಕೊಂಡೇ ಆ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದೊಯ್ದರು. ಕುಂಯ್ ಎಂದ ಯಂತ್ರ ಕಚಗುಳಿ ಇಟ್ಟಷ್ಟೇ ನೋವು ಮಾಡಿತು. ಕೀ ಚೈನಿನ ಕಥೆಯನ್ನು ಬೀಗರು ಆಗಲೇ ಹೇಳಿಬಿಟ್ಟಿದ್ದರು. ಬಿದ್ದ ಗಾರೆಯನ್ನು ಕಂಡು ಡಾಕ್ಟರಮ್ಮ ಅವರನ್ನೇ ಕೇಳಿದರು. "ಇಷ್ಟು ಗಾರೆ ಇದ್ದ ಕಡೆ ಯಾವ ಬೆಳಕು ಬಿಟ್ಟು ಏನು ಪ್ರಯೋಜನ? ಅಲ್ಲಾ, ಕೀ ಚೈನಿಂದ ಚಿಕಿತ್ಸೆ ಮಾಡ್ಕೊಳ್ಳೋ ಐಡಿಯಾ ಯಾರು ಕೊಟ್ಟಿದ್ದು? ಇವರು ಏನು ಕೆಲಸ ಮಾಡ್ತಾರೆ?"

ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಬೀಗರಿಗೆ ಅರ್ಥವಾಗಲಿಲ್ಲ. ಎದೆಯುಬ್ಬಿಸಿ, ವೆರಾಂಡದಲ್ಲಿ ಕುಳಿತವರಿಗೂ ಕೇಳುವಂತೆ ಹೆಮ್ಮೆಯಿಂದ ಕೂಗಿದರು.

"ನಮ್ ಬೀಗ್ರು ಸೈನ್ಸ್ ಮೇಷ್ಟ್ರು ಕಣವ್ವಾ!"

ಬಾಯಿ ಮುಚ್ಚುವ ಹಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡೆ.