ಎರಡನೇ ಟ್ಯಾಂಕಿಗೆ ನಾನು ಕೊಟ್ಟ ಸರ್ಟಿಫಿಕೇಟು

ನಮ್ಮ ನೆಂಟರಲ್ಲಿ ಯಾರ ಮನೆಯ ಮದುವೆಯೇ ಆಗಲಿ, ಬೀಗರೂಟದ ದಿನ ಮಟನ್ ಸಾರಿನ ಕೊಪ್ಪರಿಗೆ ಇಳಿಸುವ ಮೊದಲು ಅಡುಗೆಯವರು ಒಂದು ಸೌಟು ಸಾರು ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ತಡೆದು, "ಒಂದು ಹಿಡಿ ಉಪ್ಪು ಬೀಳಲಿ" ಅನ್ನುತ್ತೇನೆ. ಬೀಳುತ್ತದೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದು ಬಂದಿದೆ. ವೃತ್ತಿಯಲ್ಲಿ ನಾನು ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಅಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಕಡತದ ಮೇಲೆ 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ಮೇಲಕ್ಕೆ ಕಳಿಸುವುದಷ್ಟೇ ನನ್ನ ಅಧಿಕಾರ. ಹಾಗಾಗಿ ಈ ಸೌಟಿನ ಪದವಿಯ ಮೇಲೆ ನನಗೆ ವಿಪರೀತ ಮೋಹ.

ಕಳೆದ ವರ್ಷ ಒಂದು ಜ್ವರ ಬಂತು. ಐದು ದಿನಕ್ಕೆ ಬಿಟ್ಟು ಹೋಯಿತು. ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮುಖದ ಮೇಲೆ ಕನ್ನಡಕ ನಿಲ್ಲಿಸಲು ಒಂದು ಮೂಗು ಉಳಿದಿತ್ತು, ನಿಜ. ಆದರೆ ಒಳಗಿನ ಕೆಲಸ ಪೂರ್ತಿ ನಿಂತಿತ್ತು. ಕಾಫಿ ಅಂದರೆ ಬಿಸಿಯಾದ ಕಹಿ ನೀರು. ಮಾವಿನಹಣ್ಣು ಅಂದರೆ ಸಿಹಿಯಾದ ನಾರು. ಡಾಕ್ಟರು ಪರೀಕ್ಷೆ ಮಾಡಿ, "ವಾಸನೆ ಬಂದರೂ ಬರಬಹುದು, ನೋಡೋಣ" ಎಂದರು. ನಮ್ಮ ಕಚೇರಿಯಲ್ಲಿ ನಾವೂ ಜನರಿಗೆ ಹೀಗೇ ಹೇಳುವುದರಿಂದ ಅದರ ಅರ್ಥ ನನಗೆ ಚೆನ್ನಾಗಿ ತಿಳಿಯಿತು. ಆ ದಿನ ಆಸ್ಪತ್ರೆಯ ಮುಂದಿನ ಕಲ್ಲುಬೆಂಚಿನ ಮೇಲೆ ಒಬ್ಬನೇ ಕೂತು ಅತ್ತೆ.

ಆದರೆ ಯಾರಿಗೂ ಹೇಳಲಿಲ್ಲ. ಹೆಂಡತಿ ಸುಶೀಲಳಿಗೂ ಹೇಳಲಿಲ್ಲ. ಹೇಳಿದರೆ ಸೌಟು ಇನ್ನೊಬ್ಬರ ಕಡೆಗೆ ತಿರುಗುತ್ತದೆ. ಉಪ್ಪು, ಹುಳಿ, ಖಾರ, ಕಹಿ ಇವೆಲ್ಲ ನಾಲಿಗೆಗೆ ತಿಳಿಯುತ್ತಲೇ ಇದ್ದವು. ಉಳಿದದ್ದನ್ನು ನೆನಪಿನಿಂದ ತುಂಬಿಸಿಕೊಂಡು ಮಾತಾಡುತ್ತಿದ್ದೆ. ಎರಡು ಬೀಗರೂಟಗಳನ್ನು ಹೀಗೇ ದಾಟಿಸಿದೆ. ಸಂಜೆ ಸುಶೀಲ ಮಲ್ಲಿಗೆ ಮುಡಿದು ಬಂದರೆ, "ಘಮ್ ಅಂತಿದೆ ಕಣೆ" ಅನ್ನುತ್ತಿದ್ದೆ. ಅದು ಸುಳ್ಳು ಅಂತ ಆಗ ನನಗೆ ಅನ್ನಿಸಿರಲಿಲ್ಲ. ಸಂಸಾರಸ್ಥನ ಕರ್ತವ್ಯ ಅಂತಲೇ ತಿಳಿದಿದ್ದೆ.

ಜ್ವರ ಬಿಟ್ಟು ಒಂದು ತಿಂಗಳಾಗಿತ್ತು. ಸುಶೀಲಳ ತಮ್ಮ ಮಂಜುನಾಥ ಮೈಸೂರಿನ ಆ ಕಡೆಯ ನಜರ್‌ಬಾದಿನಿಂದ ಒಂದು ಬಾಟಲಿ ಹಿಡಿದುಕೊಂಡು ಈ ಕಡೆ ದಟ್ಟಗಳ್ಳಿಯ ನಮ್ಮ ಮನೆಗೆ ಬಂದ. ಸುಶೀಲ ಕುಡಿತ ಕಂಡರೆ ಉರಿದು ಬೀಳುವವಳು, ಆದ್ದರಿಂದ ಸಭೆ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಸೇರಿತು. ಮಂಜ ಹಾಲಿನ ಡೇರಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದ. ಭಾನುವಾರಗಳಲ್ಲಿ ಬಿಯರ್ ತಯಾರಿಸುವುದನ್ನು ಕಲಿಯಲು ಹೋಗುತ್ತಿದ್ದ. ಬಾಟಲಿಯಲ್ಲಿದ್ದದ್ದು ಅವನೇ ಮಾಡಿದ ಮೊದಲ ರಾಗಿ ಬಿಯರ್.

"ಎಂಗೈತೆ ಭಾವ?" ಎಂದ.

ತಣ್ಣಗಿತ್ತು, ಸ್ವಲ್ಪ ಕಹಿಯಾಗಿತ್ತು. ನನಗೆ ಗೊತ್ತಾದದ್ದು ಅಷ್ಟೇ. ಆದರೆ ಮನೆಗೆ ಬಂದವರು ಕೊಟ್ಟದ್ದನ್ನು ಚೆನ್ನಾಗಿಲ್ಲ ಅನ್ನುವುದು ನಮ್ಮ ಕಡೆ ವಾಡಿಕೆಯಲ್ಲ. ಅದರಲ್ಲೂ ಹೆಂಡತಿಯ ತಮ್ಮ. "ಹುರಿದ ರಾಗಿಯ ಘಮಲು ಹಾಗೇ ಉಳಿದಿದೆ ಮಂಜ. ನಿನ್ನ ಕೈಯಲ್ಲಿ ಗುಣ ಇದೆ" ಎಂದೆ. ಅವನ ಕಣ್ಣು ತುಂಬಿ ಬಂತು. ಮುಂದಿನ ವಾರ ಡೇರಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟ.

"ಕೊಟ್ಬುಟ್ಟೆ ಭಾವ. ನೀವು ಚೆಂದಾಗೈತೆ ಅಂದ್ಮೇಲೆ ಇನ್ಯಾರನ್ನ ಕೇಳ್ಬೇಕು?" ಎಂದು ಫೋನಿನಲ್ಲಿ ಹೇಳಿದಾಗ ನನ್ನ ಎದೆ ಝಲ್ಲೆಂದಿತು. ಆದರೆ ಅವನಿಗೆ ರಿಂಗ್ ರೋಡಿನ ಆಚೆ ಹೊಸದಾಗಿ ಶುರುವಾಗುತ್ತಿದ್ದ ಒಂದು ಬಿಯರ್ ಮನೆಯಲ್ಲಿ ಬೇಗ ಕೆಲಸವೂ ಸಿಕ್ಕಿತು. ಅಲ್ಲಿಯೇ ಬಿಯರ್ ತಯಾರಿಸಿ ಅಲ್ಲಿಯೇ ಗ್ಲಾಸಿಗೆ ಬಗ್ಗಿಸುವ ಜಾಗ. ಮೂರು ಟ್ಯಾಂಕು, ಮೂರು ಬಗೆ. ಉದ್ಘಾಟನೆಯ ದಿನ ಜನ ಮೆಚ್ಚಿದರೆ ಕೆಲಸ ಕಾಯಂ ಎಂದು ಮಾಲೀಕರು ಹೇಳಿದ್ದರು. ನನ್ನ ಎದೆ ಮತ್ತೆ ಸರಿಹೋಯಿತು.

ಉದ್ಘಾಟನೆಗೆ ಎರಡು ದಿನ ಇದೆ ಅನ್ನುವಾಗ ಮಂಜ ಸ್ಕೂಟರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದ. ಸುಶೀಲಳಿಗೆ, ಒಂದು ಸೈಟು ನೋಡಿ ಬರುತ್ತೇವೆ ಎಂದು ಹೇಳಿದೆವು. ಮಂಜನ ಮುಖ ಬಾಡಿತ್ತು.

"ಎರಡನೇ ಟ್ಯಾಂಕ್ ಮೇಲೆ ನಂಗೆ ಅನುಮಾನ ಭಾವ. ಅದನ್ನ ಬ್ಲೀಚಿಂಗ್ ಹಾಕಿ ತೊಳ್ದವ್ರೆ, ಸರಿಯಾಗಿ ನೀರು ಹಾಯಿಸಿಲ್ವೇನೋ ಅಂತ. ಹದಿನೈದು ದಿನದಿಂದ ಇದ್ರೊಳಗೇ ಇದ್ದು ನನ್ನ ಮೂಗು ಮರಗಟ್ಟೋಗದೆ. ನೀವ್ ನೋಡಿ ಹೇಳ್ಬುಡಿ. ಬ್ಯಾಡ ಅಂದ್ರೆ ಈಗ್ಲೇ ಚರಂಡಿಗೆ ಬುಟ್ಟು, ಉಳಿದ ಎರಡರಲ್ಲೇ ಓಪನಿಂಗ್ ಮಾಡ್ತೀನಿ. ಮಾಲೀಕ್ರು ಏನೂ ಅನ್ನಲ್ಲ."

ಒಂದು ಮಾತು ಸಾಕಾಗಿತ್ತು. 'ಬೇಡ' ಅನ್ನಬಹುದಿತ್ತು. ಅದಕ್ಕಿಂತ ಸುಲಭವಾಗಿ, 'ನನಗೆ ವಾಸನೆ ತಿಳಿಯುವುದಿಲ್ಲ ಕಣಪ್ಪ, ಬೇರೆ ಯಾರನ್ನಾದರೂ ಕೇಳು' ಅನ್ನಬಹುದಿತ್ತು. ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುವ ನಾಲ್ಕು ಜನ ಸುತ್ತ ಬಂದು ನಿಂತರು. "ಇವ್ರೇ ನಮ್ಮ ಭಾವ. ನಮ್ಮ ಕಡೆ ಇವ್ರು ನಾಲಿಗೆಗೆ ಹಾಕ್ದೆ ಸಾರು ಇಳ್ಸಲ್ಲ" ಎಂದು ಮಂಜ ಪರಿಚಯ ಮಾಡಿಸಿದ. ಮುಗಿಯಿತು. ನಾಲ್ಕು ಜನ ನನ್ನ ಮುಖ ನೋಡುತ್ತಿದ್ದಾರೆ! ನಾನು ಗ್ಲಾಸನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮೂಗಿನ ಹತ್ತಿರ ಒಯ್ದು ದೀರ್ಘವಾಗಿ ಉಸಿರೆಳೆದೆ. ಗಾಳಿ ಬಂತು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದೆ.

"ಏನೋ ಒಂಥರಾ ಆಸ್ಪತ್ರೆ ವಾಸನೆ ಇಲ್ವಾ ಭಾವ?" ಎಂದು ಮಂಜ ಮೆಲ್ಲಗೆ ಕೇಳಿದ.

"ಅದೇ ಇದರ ಜೀವ" ಎಂದೆ. "ಬೇವಿನ ತೊಗಟೆಯ ಛಾಯೆ ಅದು. ತಿಳಿದವರಿಗಷ್ಟೇ ತಿಳಿಯುವಂಥದ್ದು. ಸದರಿ ಬಿಯರು ಮೂರರಲ್ಲಿ ಅತ್ಯುತ್ತಮ. ಇದನ್ನೇ ಎಲ್ಲರಿಗೂ ಮೊದಲು ಕೊಡು."

ಮಂಜ ನಿರಾಳವಾಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದ.

ಭಾನುವಾರ ಮಧ್ಯಾಹ್ನ ಉದ್ಘಾಟನೆ. ಊರಿನ ಮರ್ಯಾದಸ್ಥರೆಲ್ಲ ಬಂದಿದ್ದರು. ಮಾಲೀಕರು ತಾವೇ ನಿಂತು ಎರಡನೇ ಟ್ಯಾಂಕಿನ ಗ್ಲಾಸುಗಳನ್ನು ಹಂಚಿಸಿದರು. ಜನ ಗ್ಲಾಸು ಎತ್ತಿದರು, ಮೂಗಿನ ಹತ್ತಿರ ಒಯ್ದರು, ನಿಂತರು. ನಮ್ಮ ಮೈಸೂರಿನವರು ಬಹಳ ಒಳ್ಳೆಯವರು. ಒಬ್ಬರೂ ಕೆಟ್ಟ ಮಾತಾಡಲಿಲ್ಲ. "ಚೆನ್ನಾಗಿದೆ, ಡಿಫರೆಂಟಾಗಿದೆ" ಅನ್ನುತ್ತಾ ತುಂಬಿದ ಗ್ಲಾಸುಗಳನ್ನು ಹೂಕುಂಡದ ಹಿಂದೆ, ಕಿಟಕಿಯ ಮೇಲೆ, ಕುರ್ಚಿಯ ಕೆಳಗೆ ಇಟ್ಟು ಸೀದಾ ಊಟದ ಕಡೆ ನಡೆದರು. ಇಡೀ ಸಭಾಂಗಣದಲ್ಲಿ ಸಂತೋಷವಾಗಿ ಕುಡಿಯುತ್ತಿದ್ದವನು ನಾನೊಬ್ಬನೇ. ಮೂರನೇ ಗ್ಲಾಸಿನಲ್ಲಿದ್ದೆ. ಪಕ್ಕದಲ್ಲಿದ್ದವರಿಗೆ ಬೇವಿನ ತೊಗಟೆಯ ಬಗ್ಗೆ ವಿವರಿಸುತ್ತಿದ್ದೆ. ಆಗ ಒಬ್ಬ ಹೆಂಗಸು ತನ್ನ ಗಂಡನಿಗೆ ಹೇಳಿದ್ದು ಕಿವಿಗೆ ಬಿತ್ತು.

"ನಮ್ಮತ್ತೆ ಸತ್ರಲ್ಲ, ಆ ವಾರ್ಡ್ ನೆನಪಾಗ್ತಾ ಇದೆ ಕಣ್ರೀ. ಅದೇ ಫಿನಾಯಿಲ್ ವಾಸನೆ."

ಸುತ್ತ ನೋಡಿದೆ. ಹೂಕುಂಡಗಳ ಹಿಂದೆ ಸಾಲಾಗಿ ಗ್ಲಾಸುಗಳು. ಮಾಲೀಕರೂ ಅದನ್ನೇ ನೋಡುತ್ತಿದ್ದರು. ಒಂದನ್ನು ಎತ್ತಿ ಮೂಸಿ, ಕೆಳಗಿಟ್ಟು, ಮಂಜನನ್ನು ಕರೆದರು. ಅವರು ನಿಂತದ್ದು ನನ್ನಿಂದ ಎರಡು ಮಾರು ದೂರದಲ್ಲಿ.

"ಇದನ್ನ ಕುಡಿದು ನೋಡಿ ಪಾಸ್ ಮಾಡಿದ್ದು ಯಾರು ಮಂಜುನಾಥ್?"

ಮಂಜ ನನ್ನ ಕಡೆ ನೋಡಲಿಲ್ಲ. "ನಾನೇ ಸಾರ್" ಎಂದ.

ನಾನು ಆಗ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಗೋಡೆಯ ಮೇಲಿದ್ದ 'ಧೂಮಪಾನ ನಿಷೇಧಿಸಿದೆ' ಎಂಬ ಫಲಕವನ್ನು ಬಹಳ ಗಮನವಿಟ್ಟು ಓದಿದೆ. ಎರಡು ಪದದ ಫಲಕ. ಮೂರು ಸಲ ಓದಿದೆ.

"ನಾಳೆಯಿಂದ ನೀವು ಬರೋದು ಬೇಡ" ಎಂದರು ಮಾಲೀಕರು. ಕೆಲಸದಿಂದ ತೆಗೆಯುವಾಗಲೂ ಬಹುವಚನ ಬಿಡಲಿಲ್ಲ.

ಮನೆಗೆ ಬಂದಾಗ ಸುಶೀಲ ಬಾಗಿಲಲ್ಲೇ ತಡೆದಳು. "ಏನ್ರೀ, ಫಿನಾಯಿಲ್ ಕುಡ್ದು ಬಂದಿದೀರಾ?"

ಕೂತು ಎಲ್ಲವನ್ನೂ ಹೇಳಿದೆ. ಮಂಜನ ಕೆಲಸ ಹೋದದ್ದನ್ನು ಹೇಳಿದೆ. ಕೊನೆಗೆ, "ನನಗೆ ವಾಸನೆ ಹೋಗಿ ಹತ್ತು ತಿಂಗಳಾಯ್ತು ಕಣೆ" ಎಂದೆ.

"ಗೊತ್ತು" ಎಂದಳು. "ಹಾಲು ಸೀದು ಪಾತ್ರೆ ಕರಕಲಾದ ದಿನ ನೀವು ಅಡುಗೆಮನೆ ಬಾಗಿಲಲ್ಲೇ ಕೂತು ಪೇಪರ್ ಓದ್ತಿದ್ರಿ. ಆಮೇಲೆ ಒಂದಿನ ಪ್ಲಾಸ್ಟಿಕ್ ಮಲ್ಲಿಗೆ ಮುಡ್ಕೊಂಡು ನಿಂತೆ. ಘಮ್ ಅಂತಿದೆ ಅಂದ್ರಿ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀವಾಗೇ ಹೇಳ್ತೀರಿ ಅಂತ ಕಾದೆ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಸೈಟ್ ನೋಡಕ್ಕೆ ಹೋಗ್ತೀವಿ ಅನ್ನದೆ ನಿಜ ಹೇಳಿದ್ರೆ, ಭಾವನ ಮೂಗು ನಂಬ್ಬೇಡ ಅಂತ ಮಂಜನ್ನ ನಾನೇ ತಡೀತಿದ್ದೆ." ಅವಳನ್ನು ನೋಡಲಾಗದೆ ನಾನು ಚಪ್ಪಲಿ ಜೋಡಿಸುತ್ತ ಕೂತೆ.

ಡೇರಿಯಲ್ಲಿ ಮಂಜನ ಜಾಗಕ್ಕೆ ಬೇರೆಯವರು ಬಂದಿದ್ದರು. ಈಗ ಅವನು ಅದೇ ಡೇರಿಯ ಹಾಲಿನ ವ್ಯಾನು ಓಡಿಸುತ್ತಾನೆ. ಎರಡು ವಾರ ಬಿಟ್ಟು ಒಂದು ಬೆಳಿಗ್ಗೆ ಸರಬರಾಜು ಮುಗಿಸಿ ನಮ್ಮ ಮನೆಗೆ ಬಂದ. ನನ್ನ ಮೇಲೆ ಸಿಟ್ಟಿಲ್ಲ ಅವನಿಗೆ. ಭಾವನೂ ಒಂದು ಸಲ ಎಡವಬಹುದು ಅಂತ ತಿಳಿದಿದ್ದ. ಸುಶೀಲ ಅಡುಗೆಮನೆಯಿಂದ ನನ್ನನ್ನೇ ನೋಡಿದಳು. ನಾನು ಹೇಳಿಬಿಟ್ಟೆ, ಮೂಗಿನ ಪೂರ್ತಿ ವಿಷಯ.

ಮಂಜ ಒಂದೇ ಒಂದು ಪ್ರಶ್ನೆ ಕೇಳಿದ.

"ತಾರಸಿ ಮೇಲೆ ಆ ಮೊದಲ್ನೇ ಬಾಟ್ಲಿ ಕುಡಿದ್ರಲ್ಲ ಭಾವ. ಕೈಯಲ್ಲಿ ಗುಣ ಇದೆ ಅಂದ್ರಿ. ಆವಾಗ ವಾಸನೆ ಬರ್ತಿತ್ತಾ?"

ಬರ್ತಿತ್ತು ಅಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹೊಗಳುವ ಮಾತು ಅಭ್ಯಾಸದಂತೆ ಬಾಯಿಯವರೆಗೂ ಬಂದಿತ್ತು.

"ಇಲ್ಲ ಕಣೋ" ಎಂದೆ.

ಅವನು ತಲೆಯಾಡಿಸಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಸುಶೀಲ ಕಾಫಿ ತಂದಿಟ್ಟಳು. ಇಬ್ಬರೂ ಒಂದೊಂದು ಗುಟುಕು ಕುಡಿದೆವು.

"ಎಂಗೈತೆ ಭಾವ ಕಾಫಿ?" ಎಂದ, ನನ್ನ ಮುಖ ನೋಡದೆ.

ಬೀಗರೂಟದ ನಾಲಿಗೆ ಸ್ವಲ್ಪ ಹೊತ್ತು ಯೋಚಿಸಿತು.

"ಬಿಸಿ ಇದೆ" ಎಂದೆ. ಇಪ್ಪತ್ತು ವರ್ಷದ ಹೆಸರಿನಲ್ಲಿ ಕೊನೆಗೆ ನನ್ನ ಕೈಯಲ್ಲಿ ಉಳಿದಿದ್ದ ತೀರ್ಪು ಅದೊಂದೇ.